ಡಿಆರ್‌ಎಂ ಇಲ್ಲದ ಗೇಮ್ ಕೊಂಡ ಮೇಲೂ ಲಾಂಚರ್ ಹಾಕಿಕೊಳ್ಳಬೇಕಾ?

ನೀವು ಕೇಳಿದ್ದು ಇಷ್ಟು. ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೀರಿ. ಹಾಸ್ಟೆಲ್ ರೂಮಿನಲ್ಲಿ 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಇದೆ. ಡಿಆರ್‌ಎಂ ಅನ್ನುವ ಬೀಗ ಇಲ್ಲದ ಗೇಮ್ ಮಾರುವ ಜಿಒಜಿ ಆನ್‌ಲೈನ್ ಅಂಗಡಿಯ ಸೇಲ್‌ನಲ್ಲಿ ಮೂರು ಗೇಮ್ ಕೊಂಡಿದ್ದೀರಿ: ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3, ಸ್ಟಾರ್‌ಡ್ಯೂ ವ್ಯಾಲಿ, ವಿಚರ್ 3. ಈಗ ಗೇಮ್ ಇಳಿಸಿ, ಅಪ್‌ಡೇಟ್ ಮಾಡಿ, ತೆರೆದುಕೊಡುವ ಅವರ ಲಾಂಚರ್ ಜಿಒಜಿ ಗ್ಯಾಲಕ್ಸಿ ಹಾಕಿಕೊಳ್ಳಬೇಕಾ, ಇಲ್ಲ ವೆಬ್‌ಸೈಟಿನಿಂದ ಇನ್‌ಸ್ಟಾಲರ್ ಇಳಿಸಿಕೊಂಡರೆ ಸಾಕಾ ಅನ್ನುವುದು ಪ್ರಶ್ನೆ. ಸ್ಟೀಮ್ ಅನ್ನುವ ಇನ್ನೊಂದು ಗೇಮ್ ಅಂಗಡಿ ನೆನೆದು ನಿಮ್ಮ ರೂಮ್‌ಮೇಟ್ ಅಂದಿದ್ದು: "ಲಾಂಚರ್ ಹಾಕೋದಾದ್ರೆ ಸ್ಟೀಮ್‌ನಲ್ಲೇ ತಗೋಬಹುದಿತ್ತಲ್ಲ ಮಗಾ."

ಹಾಕಿಕೊಳ್ಳಿ. ಆದರೆ ಅದೊಂದನ್ನೇ ನಂಬಿಕೊಂಡು ಇರಬೇಡಿ. ಗೇಮ್ ತರಿಸಿಕೊಳ್ಳಲು, ಅಪ್‌ಡೇಟ್ ಮಾಡಲು ಲಾಂಚರ್ ಬಹಳ ಅನುಕೂಲ. ಗೇಮ್ ನಿಮ್ಮ ಹತ್ತಿರ ಉಳಿಯಬೇಕು ಅಂದರೆ ಇನ್‌ಸ್ಟಾಲರ್ ಇಳಿಸಿಡಲೇಬೇಕು. ಇವು ಎರಡು ಬೇರೆ ಕೆಲಸ ಅಂತ ನನಗೆ ತಿಳಿದದ್ದು ಒಂದು ಮಳೆಗಾಲದಲ್ಲಿ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನೂ ಹಾಸನದಲ್ಲೇ ಕೆಲಸ ಮಾಡುವುದು. ಸಾಲಗಾಮೆ ರಸ್ತೆ ಕಡೆ ರೂಮಿದೆ. ಮನೆ ಮಾತ್ರ ಸಕಲೇಶಪುರ ದಾಟಿ ಹಾನುಬಾಳು ಕಡೆ. ಶುಕ್ರವಾರ ಸಂಜೆ ಬಸ್ಸು ಹತ್ತಿ ಊರಿಗೆ ಹೋಗುತ್ತೇನೆ. ರೂಮಿನಲ್ಲಿ ಲ್ಯಾಪ್‌ಟಾಪ್, ಮನೆಯಲ್ಲಿ ಹಳೇ ಡೆಸ್ಕ್‌ಟಾಪ್, ಎರಡರಲ್ಲೂ ಗ್ಯಾಲಕ್ಸಿ. ಎರಡು ವರ್ಷ ಹೀಗೇ ನಡೆದಿತ್ತು. ಒಂದೇ ಒಂದು ಇನ್‌ಸ್ಟಾಲರ್ ಇಳಿಸಿಟ್ಟಿರಲಿಲ್ಲ. ಬೇಕಾದಾಗ ಕ್ಲಿಕ್ ಮಾಡಿದರೆ ಬರುತ್ತೆ ಅಲ್ವಾ, ಸುಮ್ನೆ ಡಿಸ್ಕ್ ಯಾಕೆ ತುಂಬಿಸಲಿ ಅನ್ನುವ ಲೆಕ್ಕ.

ಒಂದು ಜುಲೈನಲ್ಲಿ ಮನೆಯ ಡೆಸ್ಕ್‌ಟಾಪಿನ ಹಾರ್ಡ್‌ಡಿಸ್ಕ್ ಕೈಕೊಟ್ಟಿತು. ಹೊಸ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಹೊಸದಾಗಿ ಹಾಕಿ, ಮುಂದಿನ ವಾರ ಬಂದು ಗೇಮ್‌ಗಳನ್ನು ಇಳಿಸಿದರಾಯಿತು ಅಂತ ಹಾಸನಕ್ಕೆ ವಾಪಸು ಬಂದೆ. ಆ ವಾರವೇ ತೋಟದ ಅಂಚಿನ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿತ್ತು. ಕರೆಂಟೂ ಹೋಯಿತು, ಫೈಬರ್ ಕೇಬಲ್ಲೂ ತುಂಡಾಯಿತು. ನಾಲ್ಕನೇ ದಿನ ಕರೆಂಟ್ ಬಂತು. ನೆಟ್ ಬರಲು ಹನ್ನೊಂದು ದಿನ ಹಿಡಿಯಿತು. ಮಲೆನಾಡಿನ ಮಳೆ ಕಂಡವರಿಗೆ ಇದು ಹೊಸದಲ್ಲ.

ಮಳೆಗೆ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಅಕ್ಕನ ಮಗ ನಮ್ಮ ಮನೆಗೆ ಬಂದು ಕೂತಿದ್ದ. ಏಳನೇ ಕ್ಲಾಸಿನ ಹುಡುಗ. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಅವನದೊಂದು ತೋಟ ಇತ್ತು, ಮೂರು ತಿಂಗಳು ಕೂತು ಮಾಡಿದ್ದು. ನಾನು ಶುಕ್ರವಾರ ಊರಿಗೆ ಹೋದಾಗ ಚಪ್ಪಲಿ ಬಿಡುವ ಮೊದಲೇ ಕೇಳಿದ, "ಮಾವ, ನನ್ನ ತೋಟ ಎಲ್ಲಿ?" ಕಂಪ್ಯೂಟರ್ ಹಾಕಿ ತೋರಿಸಿದೆ. ಖಾಲಿ ಡೆಸ್ಕ್‌ಟಾಪ್. ನನ್ನ ಖಾತೆಯಲ್ಲಿ ನಲವತ್ತು ಗೇಮ್ ಇದ್ದವು, ದುಡ್ಡು ಕೊಟ್ಟು ಕೊಂಡವು. ಮನೆಯಲ್ಲಿ ಒಂದು ಫೈಲೂ ಇರಲಿಲ್ಲ. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ. ಇಳಿಸಿಡಲು ಎರಡು ವರ್ಷ ಅವಕಾಶ ಇತ್ತು, ನಾನು ಇಳಿಸಿರಲಿಲ್ಲ ಅಷ್ಟೇ.

ಸೋಮವಾರ ಹಾಸನಕ್ಕೆ ಬಂದವನು ಮೊದಲು ಮಾಡಿದ ಕೆಲಸ ಸ್ಟಾರ್‌ಡ್ಯೂ ವ್ಯಾಲಿಯ ಇನ್‌ಸ್ಟಾಲರ್ ಇಳಿಸಿದ್ದು. ಅರ್ಧ ಜಿಬಿ ಆಸುಪಾಸಿನದು. ಊರ ಕಡೆ ಹೊರಟಿದ್ದವರೊಬ್ಬರ ಕೈಯಲ್ಲಿ ಪೆನ್‌ಡ್ರೈವ್ ಕೊಟ್ಟು ಕಳಿಸಿದೆ. ಸಂಜೆ ಹುಡುಗ ಫೋನ್ ಮಾಡಿದ. ಅವನೇ ಪೆನ್‌ಡ್ರೈವ್ ಹಾಕಿ, ಸೆಟಪ್ ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಗೇಮ್ ತೆರೆದಿದ್ದ. ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ, ನೆಟ್ ಇಲ್ಲ. ಹೊಸ ತೋಟ ಶುರು ಮಾಡಿ ಪಾರ್ಸ್ನಿಪ್ ಬೀಜ ಹಾಕಿಯೂ ಆಗಿತ್ತು.

ಹಾಗಾದರೆ ಗ್ಯಾಲಕ್ಸಿ ಬೇಡವೇ ಬೇಡ ಅಂತ ಅನ್ನಿಸಬಹುದು. ಇನ್ನೊಂದು ಅರ್ಧ ಕೇಳಿ. ನೆಟ್ ವಾಪಸು ಬಂದ ಮೇಲೆ ಮನೆಯಲ್ಲಿ ಗ್ಯಾಲಕ್ಸಿ ಹಾಕಿ ಲಾಗಿನ್ ಆದೆ. ಹಳೇ ಡಿಸ್ಕ್ ಜೊತೆ ಹೋಯಿತು ಅಂದುಕೊಂಡಿದ್ದ ಹುಡುಗನ ಹಳೇ ತೋಟ ಕ್ಲೌಡ್ ಸೇವ್‌ನಲ್ಲಿ, ಅಂದರೆ ಜಿಒಜಿ ಸರ್ವರ್‌ನಲ್ಲಿ ಲಾಂಚರ್ ಇಟ್ಟಿದ್ದ ನಕಲಿನಲ್ಲಿ, ಹಾಗೇ ಇತ್ತು. ಕೋಳಿಗೂಡು, ದನದ ಕೊಟ್ಟಿಗೆ ಎಲ್ಲ ವಾಪಸು ಬಂತು. ಆ ಸೇವ್ ಉಳಿಸಿದ್ದು ಲಾಂಚರ್. ಒಂದು ಎಚ್ಚರಿಕೆ ಮಾತ್ರ ತಗೊಂಡಿದ್ದೆ: ಲಾಗಿನ್ ಆಗುವ ಮೊದಲು ಅವನ ಹೊಸ ತೋಟದ ಸೇವ್ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಟ್ಟೆ. ಕಂಪ್ಯೂಟರಿನಲ್ಲಿ ಒಂದು ಸೇವ್, ಕ್ಲೌಡಿನಲ್ಲಿ ಇನ್ನೊಂದು ಇದ್ದಾಗ ಯಾವುದು ಉಳಿಯಬೇಕು ಅಂತ ಲಾಂಚರ್ ಕೇಳುತ್ತದೆ. ಆಗ ಅವಸರದಲ್ಲಿ ತಪ್ಪು ಗುಂಡಿ ಒತ್ತಿದರೆ ಆಡಿದ್ದೆಲ್ಲ ಹೋಗುತ್ತೆ. ಸ್ಟಾರ್‌ಡ್ಯೂ ಸೇವ್‌ಗಳು ಆಪ್‌ಡೇಟಾ ಒಳಗಿನ ರೋಮಿಂಗ್ ಫೋಲ್ಡರಿನಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಹೆಸರಿನಲ್ಲಿ ಇರುತ್ತವೆ, ಒಂದೊಂದು ತೋಟಕ್ಕೆ ಒಂದೊಂದು ಫೋಲ್ಡರ್. ವಿಚರ್ 3ದು ಡಾಕ್ಯುಮೆಂಟ್ಸ್ ಒಳಗೆ. ಇವೆರಡು ಜಾಗ ಗುರುತಿಟ್ಟುಕೊಳ್ಳಿ.

ಈಗ ರೂಮ್‌ಮೇಟ್ ಮಾತಿಗೆ ಬರುತ್ತೇನೆ. ಡಿಆರ್‌ಎಂ ಅಂದರೆ ಗೇಮ್ ತೆರೆಯುವಾಗ "ಇವನು ಕೊಂಡವನೇನಾ" ಅಂತ ಪರೀಕ್ಷೆ ಮಾಡುವ ಬೀಗ. ಲಾಂಚರ್ ಇದ್ದ ಮಾತ್ರಕ್ಕೆ ಆ ಬೀಗ ಬರುವುದಿಲ್ಲ. ಗ್ಯಾಲಕ್ಸಿಯಿಂದಲೇ ಹಾಕಿದ ಗೇಮ್ ಆದರೂ ಅದರ ಫೋಲ್ಡರಿಗೆ ಹೋಗಿ ಇಎಕ್ಸ್‌ಇ ಫೈಲ್ (ಗೇಮ್ ಶುರು ಮಾಡುವ ಫೈಲ್) ನೇರವಾಗಿ ಒತ್ತಿದರೆ ಗೇಮ್ ತೆರೆಯುತ್ತದೆ, ಗ್ಯಾಲಕ್ಸಿ ಮುಚ್ಚಿದ್ದರೂ ಸರಿ. ಡೆಸ್ಕ್‌ಟಾಪ್ ಮೇಲೆ ಗ್ಯಾಲಕ್ಸಿ ಮಾಡುವ ಶಾರ್ಟ್‌ಕಟ್ ಒತ್ತಿದರೆ ಮಾತ್ರ ಗ್ಯಾಲಕ್ಸಿ ಎದ್ದು ಬರುತ್ತದೆ. ಅದನ್ನು ನೋಡಿ ಬಹಳ ಜನ ಲಾಂಚರ್ ಇಲ್ಲದೆ ಆಗಲ್ಲ ಅಂದುಕೊಳ್ಳುತ್ತಾರೆ.

ಸ್ಟೀಮ್‌ನಲ್ಲೂ ಡಿಆರ್‌ಎಂ ಇಲ್ಲದ ಗೇಮ್‌ಗಳಿವೆ, ಒಪ್ಪುತ್ತೇನೆ. ಆದರೆ ಅಲ್ಲಿ ಇಳಿಸಿಕೊಳ್ಳಲು ಅವರ ಕ್ಲೈಂಟೇ, ಅಂದರೆ ಅವರ ಲಾಂಚರೇ ಬೇಕು, ಬೇರೆಯಾಗಿ ಇನ್‌ಸ್ಟಾಲರ್ ಕೊಡುವುದಿಲ್ಲ. 2024ರ ಜನವರಿ 1ರಿಂದ ಸ್ಟೀಮ್ ಕ್ಲೈಂಟ್ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲ ನಿಲ್ಲಿಸಿತು. ಆ ಕಾಲದ ಗೇಮ್, ಆ ಕಾಲದ ಕಂಪ್ಯೂಟರ್ ಎರಡೂ ಸರಿ ಇದ್ದರೂ ನಡುವಿನ ಕ್ಲೈಂಟ್‌ಗೆ ಬೆಂಬಲ ಇಲ್ಲ. ಇನ್‌ಸ್ಟಾಲರ್ ಕೈಯಲ್ಲಿದ್ದರೆ ಈ ಚಿಂತೆ ಇರುವುದಿಲ್ಲ. ಜಿಒಜಿ ಶುರುವಾದದ್ದು 2008ರಲ್ಲಿ. ಗ್ಯಾಲಕ್ಸಿ ಎಲ್ಲರಿಗೂ ಸಿಕ್ಕಿದ್ದು 2015ರಲ್ಲಿ. ಅಷ್ಟು ವರ್ಷ ಜನ ಇನ್‌ಸ್ಟಾಲರ್ ಹಿಡಿದುಕೊಂಡೇ ಆಡಿದ್ದಾರೆ.

ಹಾಗಂತ ರೂಮ್‌ಮೇಟ್ ಅನುಮಾನ ಪೂರ್ತಿ ಸುಳ್ಳೂ ಅಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಹಿಟ್‌ಮ್ಯಾನ್ ಗೇಮ್ ಜಿಒಜಿಗೆ ಬಂತು. ಒಬ್ಬರೇ ಆಡುವ ಗೇಮ್ ಆದರೂ ಅದರಲ್ಲಿ ಹೊಸ ಆಯುಧ, ಹೊಸ ಜಾಗ ತೆರೆದುಕೊಳ್ಳಲು ನೆಟ್ ಬೇಕಿತ್ತು. ಕೊಂಡವರು ಜೋರಾಗಿ ವಿರೋಧಿಸಿದರು, ಅಕ್ಟೋಬರ್‌ನಲ್ಲಿ ಅದನ್ನು ಅಂಗಡಿಯಿಂದ ತೆಗೆದರು. ಜನ ಅವತ್ತು ಸುಮ್ಮನಿರಲಿಲ್ಲ ಅನ್ನುವುದು ನನಗೆ ಬಹಳ ಸಂತೋಷದ ವಿಷಯ. ಕ್ಲೌಡ್ ಸೇವ್ ಕೂಡ ಶಾಶ್ವತ ಅಲ್ಲ. 2024ರಲ್ಲಿ ಒಂದು ಗೇಮ್‌ಗೆ 200 ಎಂಬಿ ಅಂತ ಮಿತಿ ಹಾಕಿದರು. ಸ್ಟಾರ್‌ಡ್ಯೂ ತರಹದ ಗೇಮ್‌ಗೆ ಅದು ಧಾರಾಳ. ನೂರಾರು ಸೇವ್ ಇಟ್ಟುಕೊಂಡು ಆಡುವ ದೊಡ್ಡ ಗೇಮ್‌ಗೆ ಸಾಲದೆ ಹೋಗಬಹುದು.

ನೆಟ್ ಲೆಕ್ಕ ಒಂದು ಸಲ ಹಾಕಿ ನೋಡಿ. ವಿಚರ್ 3 ಸುಮಾರು 50 ಜಿಬಿ ಜಾಗ ಕೇಳುತ್ತದೆ. ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಅಷ್ಟು ತರಿಸಲು ಒಂದು ತಿಂಗಳ ಮೇಲೆ ಬೇಕು, ಅದೂ ವಾಟ್ಸಾಪ್ ಕೂಡ ನೋಡದೆ. 30 ಎಂಬಿಪಿಎಸ್ ಫೈಬರ್‌ನಲ್ಲಿ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ ಅಪ್‌ಡೇಟ್ ಬಂದರೆ ಗ್ಯಾಲಕ್ಸಿ ಬದಲಾದ ಭಾಗವನ್ನಷ್ಟೇ ಇಳಿಸುತ್ತದೆ. ಇನ್‌ಸ್ಟಾಲರ್ ಮಾತ್ರ ಇಟ್ಟುಕೊಂಡವರಿಗೆ ಕೆಲವು ಸಲ ಚಿಕ್ಕ ಪ್ಯಾಚ್ ಫೈಲ್ ಸಿಗುತ್ತದೆ, ಸಿಗದಿದ್ದರೆ ಪೂರ್ತಿ ಹೊಸ ಇನ್‌ಸ್ಟಾಲರೇ ಇಳಿಸಬೇಕು. ಹಾಸ್ಟೆಲ್ ವೈಫೈ ನಂಬಿಕೊಂಡವರಿಗೆ ಇದು ದೊಡ್ಡ ವ್ಯತ್ಯಾಸ. ನಾನು ಲಾಂಚರ್ ಇನ್ನೂ ಇಟ್ಟುಕೊಂಡಿರುವುದಕ್ಕೆ ಮುಖ್ಯ ಕಾರಣ ಇದೇ.

ಆದರೆ ಅಪ್‌ಡೇಟ್ ತಾನಾಗಿಯೇ ಆಗುವುದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿಬಿಡಿ. 2022ರ ಡಿಸೆಂಬರ್‌ನಲ್ಲಿ ವಿಚರ್ 3ಕ್ಕೆ 4.0 ಅನ್ನುವ ದೊಡ್ಡ ಅಪ್‌ಡೇಟ್ ಬಂತು. ಚಿತ್ರ ಚೆನ್ನಾಯಿತು, ಜೊತೆಗೆ ಕಂಪ್ಯೂಟರ್ ಮೇಲೆ ಹೊರೆಯೂ ಜಾಸ್ತಿ ಆಯಿತು. ಹಳೇ ಲ್ಯಾಪ್‌ಟಾಪ್‌ನವರಿಗೆ 1.32 ಆವೃತ್ತಿಯೇ ಹಿತ. ಗ್ಯಾಲಕ್ಸಿಯಲ್ಲಿ ಹಿಂದಿನ ಆವೃತ್ತಿಗೆ ಹೋಗುವ ದಾರಿ ಇದೆ, ಇದು ನನಗೆ ಬಹಳ ಇಷ್ಟವಾದ ಸೌಲಭ್ಯ. ಸ್ಟಾರ್‌ಡ್ಯೂಗೂ 2024ರ ಮಾರ್ಚ್‌ನಲ್ಲಿ 1.6 ಬಂದಾಗ ಹಳೇ ಮಾಡ್‌ಗಳು (ಆಟಗಾರರು ಮಾಡಿ ಹಂಚುವ ಸೇರ್ಪಡೆಗಳು) ಎಷ್ಟೋ ಕೆಲಸ ಮಾಡಲಿಲ್ಲ, ಅವುಗಳ ಹೊಸ ಆವೃತ್ತಿ ಬರುವವರೆಗೆ ಕಾಯಬೇಕಾಯಿತು. ಮಾಡ್ ಹಾಕಿ ಆಡುವವರು ನೀವಾದರೆ, ನಿಮಗೆ ಬೇಕು ಅನ್ನಿಸಿದಾಗಲೇ ಅಪ್‌ಡೇಟ್ ಮಾಡಿ.

8 ಜಿಬಿ ರ‍್ಯಾಮ್ ಅಂದಿರಲ್ಲ, ಅದಕ್ಕೂ ಒಂದು ಮಾತು. ಗ್ಯಾಲಕ್ಸಿ ಹಿಂದೆ ಓಡುತ್ತಿದ್ದರೆ ಕೆಲವು ನೂರು ಎಂಬಿ ತಿನ್ನುತ್ತದೆ. ಕಂಪ್ಯೂಟರ್ ಆನ್ ಆದ ಕೂಡಲೇ ಅದು ಶುರುವಾಗುವುದನ್ನು ತಪ್ಪಿಸಿ. ವಿಚರ್ ಆಡುವಾಗ ಅದನ್ನು ಪೂರ್ತಿ ಮುಚ್ಚಿ, ಇಎಕ್ಸ್‌ಇ ಒತ್ತಿಯೇ ಆಡಿ. ಆಮೇಲೆ ಗ್ಯಾಲಕ್ಸಿ ತೆರೆದು ಸೇವ್ ಕ್ಲೌಡಿಗೆ ಹೋಯಿತೇ ನೋಡಿಕೊಳ್ಳಿ. ಅಚೀವ್‌ಮೆಂಟ್, ಆಡಿದ ಗಂಟೆ ಎಲ್ಲ ಹೀಗೆ ಆಡಿದಾಗ ಲೆಕ್ಕಕ್ಕೆ ಸಿಗದೆ ಹೋಗಬಹುದು. ನನಗಂತೂ ಅದು ಬೇಕಿಲ್ಲ.

ನಿಮ್ಮ ಮೂರು ಗೇಮ್‌ಗಳಲ್ಲಿ ಹೀರೋಸ್ 3ಕ್ಕೆ ಲಾಂಚರ್ ಅಗತ್ಯವೇ ಇಲ್ಲ. 1999ರ ಗೇಮ್, ಇನ್‌ಸ್ಟಾಲರೂ ಚಿಕ್ಕದು. ಇಳಿಸಿ, ಹಾಕಿ, ರೂಮ್‌ಮೇಟ್ ಜೊತೆ ಒಂದೇ ಲ್ಯಾಪ್‌ಟಾಪ್‌ನಲ್ಲಿ ಸರದಿ ಮೇಲೆ ಆಡಿ. ಎರಡು ಪ್ಲೇಟ್ ಪಲಾವ್ ಖಾಲಿಯಾದರೂ ಆಟ ಮುಗಿಯುವುದಿಲ್ಲ. ಸ್ಟಾರ್‌ಡ್ಯೂ ಒಬ್ಬರೇ ಆಡುವುದಾದರೆ ಇನ್‌ಸ್ಟಾಲರ್ ಸಾಕು. ಬೇರೆ ಊರಿನ ಗೆಳೆಯರನ್ನು ತೋಟಕ್ಕೆ ಕರೆಯಬೇಕಾದರೆ ಗ್ಯಾಲಕ್ಸಿ ಇದ್ದರೆ ಸುಲಭ. ಒಂದೇ ವೈಫೈನಲ್ಲಿ ಇರುವವರು ಐಪಿ ವಿಳಾಸ ಹಾಕಿ ಸೇರಿಕೊಳ್ಳಬಹುದು. ವಿಚರ್ 3ಕ್ಕೆ ಎರಡೂ ಬೇಕು.

ಇಳಿಸಿಡುವುದು ಹೇಗೆ ಅಂದರೆ, ವೆಬ್‌ಸೈಟಿನಲ್ಲಿ ನಿಮ್ಮ ಲೈಬ್ರರಿಗೆ ಹೋದರೆ ಆಫ್‌ಲೈನ್ ಬ್ಯಾಕಪ್ ಇನ್‌ಸ್ಟಾಲರ್ ಅಂತ ಇರುತ್ತದೆ. ಗ್ಯಾಲಕ್ಸಿ ಒಳಗಿಂದಲೂ ಇಳಿಸಬಹುದು. ದೊಡ್ಡ ಗೇಮ್ ಆದರೆ ಒಂದು ಸೆಟಪ್ ಇಎಕ್ಸ್‌ಇ, ಜೊತೆಗೆ ಹಲವು ಬಿನ್ ಫೈಲ್ ಬರುತ್ತವೆ. ಎಲ್ಲವೂ ಒಂದೇ ಫೋಲ್ಡರಿನಲ್ಲಿ ಇರಬೇಕು. ಒಂದು ಬಿನ್ ಬಿಟ್ಟುಹೋದರೂ ಹಾಕುವಾಗ ಅರ್ಧದಲ್ಲಿ ನಿಲ್ಲುತ್ತದೆ. ಅದಕ್ಕೇ ಇಳಿಸಿದ ಮೇಲೆ ವೈಫೈ ಆಫ್ ಮಾಡಿ ಒಂದು ಸಲ ನಿಜವಾಗಿ ಹಾಕಿ ನೋಡಿ. ಹಾಗೆ ನೋಡಿದ್ದರಿಂದಲೇ ನನ್ನ ಒಂದು ಗೇಮ್‌ನಲ್ಲಿ ಮೂರನೇ ಬಿನ್ ಅರ್ಧಕ್ಕೇ ನಿಂತಿದ್ದು ಗೊತ್ತಾಯಿತು.

ನಾನು 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಲ್ಲಿ ಒಂದೊಂದು ಗೇಮ್‌ಗೆ ಒಂದೊಂದು ಫೋಲ್ಡರ್ ಮಾಡಿ, ಹೆಸರಿನ ಮುಂದೆ ಆವೃತ್ತಿ ಮತ್ತು ಇಳಿಸಿದ ತಿಂಗಳು ಬರೆದಿಡುತ್ತೇನೆ. ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಹೊಸ ಆವೃತ್ತಿ ಬಂದಿದೆಯಾ ನೋಡುತ್ತೇನೆ. ನಮ್ಮ ಕಡೆ ಜುಲೈನಲ್ಲಿ ಬೆಲ್ಟು ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಡಿಸ್ಕನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಶೂ ಬಾಕ್ಸ್‌ನಲ್ಲಿ ಬರುವ ಸಿಲಿಕಾ ಪೊಟ್ಟಣ ನಾಲ್ಕು ಹಾಕಿ ಇಡುತ್ತೇನೆ. ಹಾಸನ ಊರೊಳಗೆ ಇಷ್ಟು ಥಂಡಿ ಇಲ್ಲ, ಆದರೂ ಹಾಸ್ಟೆಲ್ ಕಿಟಕಿ ಪಕ್ಕ ಇಡಬೇಡಿ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದ್ದರೆ ಗ್ಯಾಲಕ್ಸಿ ಸಿಗುವುದಿಲ್ಲ. ಅದು ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ. ಆಗ ಹೀರೋಯಿಕ್ ಅನ್ನುವ ಓಪನ್ ಸೋರ್ಸ್ ಲಾಂಚರ್ ಹಾಕಿ. ಜಿಒಜಿ ಖಾತೆಗೇ ಲಾಗಿನ್ ಆಗಬಹುದು, ಕ್ಲೌಡ್ ಸೇವ್ ಕೂಡ ಬರುತ್ತದೆ.

ಮೊದಲು ಸ್ಟಾರ್‌ಡ್ಯೂ ಮತ್ತು ಹೀರೋಸ್ ಇನ್‌ಸ್ಟಾಲರ್‌ಗಳನ್ನು ಇವತ್ತೇ ಇಳಿಸಿ, ಎರಡೂ ಒಂದು ಚಿಕ್ಕ ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತವೆ. ವಿಚರ್ ಅನ್ನು ಫೈಬರ್ ಇರುವ ಗೆಳೆಯರ ಮನೆಗೆ ಹೋದ ದಿನ ಮಾಡಿದರಾಯಿತು. ಹಾಸನದಲ್ಲಿ ಅಂಥವರು ಯಾರೂ ಸಿಗದಿದ್ದರೆ ಹೇಳಿ. 1.32, 4.0 ಎರಡೂ ನನ್ನ ಡಿಸ್ಕ್‌ನಲ್ಲಿವೆ. ನೀವೂ ಕೊಂಡಿರುವ ಗೇಮ್ ತಾನೇ, ಸಾಲಗಾಮೆ ರಸ್ತೆಗೆ ಬಂದು ಕಾಪಿ ಮಾಡಿಕೊಂಡು ಹೋಗಬಹುದು.