ಒಮ್ಮೆ ಒಳಗೆ ಕರೆದ ಮೇಲೆ

ಸುಧಾ (ಹೆಸರು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ) ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತಾರೆ. ಮನೆಯವರ ವಿರೋಧದ ನಡುವೆ ಪ್ರೀತಿಸಿದವನನ್ನು ಮದುವೆಯಾದವರು. ನಿದ್ದೆ ಬರುತ್ತಿಲ್ಲ ಎಂದು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದರು. ಗಂಡನ ಬಗ್ಗೆ ಕೇಳಿದರೆ, "ಅವರಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ ಮೇಡಂ" ಅಂದರು.

ಆ ಪ್ರೀತಿಯ ವಿವರ ನಿಧಾನಕ್ಕೆ ಹೊರಬಂತು. ಇವರು ಎಲ್ಲಿದ್ದಾರೆಂದು ಗಂಡನ ಫೋನಿನಲ್ಲಿ ಸದಾ ಕಾಣುತ್ತಿರಬೇಕು. ಸಂಬಳದ ಎಟಿಎಂ ಕಾರ್ಡ್ ಅವನ ಬಳಿ. ಅಕ್ಕನ ಮನೆಗೆ ಹೊರಟ ದಿನ ಸ್ಕೂಟರ್ ಕೀ ಸಿಗುವುದಿಲ್ಲ. "ಹೊಡೆಯೋದಿಲ್ಲ. ಹಾಗಾದ್ರೆ ಇದು ಹಿಂಸೆ ಅಲ್ಲ, ಅಲ್ವಾ?"

ಸುಧಾ ಕಾಲೇಜಿನಿಂದಲೂ ವ್ಯಾಂಪೈರ್ (ರಕ್ತ ಕುಡಿಯುವ ಪಿಶಾಚಿ) ಕಾದಂಬರಿ ಓದುತ್ತಾ ಬಂದವರು. ಕೀ ವಿಷಯ ಹೇಳುವಾಗ ಅವರಿಗೇ 'ಟ್ವೈಲೈಟ್' ಸರಣಿ ನೆನಪಾಯಿತು. ಮೂರನೇ ಪುಸ್ತಕದಲ್ಲಿ ನಾಯಕಿ ಬೆಲ್ಲಾ ಇನ್ನೊಬ್ಬ ಗೆಳೆಯನನ್ನು ನೋಡಲು ಹೋಗದಂತೆ ಅವಳ ಪ್ರಿಯಕರ, ವ್ಯಾಂಪೈರ್ ಆದ ಎಡ್ವರ್ಡ್ ಅವಳ ಗಾಡಿಯ ಎಂಜಿನ್ ಕೆಡಿಸಿಡುತ್ತಾನೆ. ಆಗ ಅದು ಕಾಳಜಿ ಅನ್ನಿಸಿತ್ತಂತೆ. ಪುಸ್ತಕದಿಂದಲೇ ಹೀಗಾಯಿತು ಎಂದು ನಾನು ಹೇಳುವುದಿಲ್ಲ. ಕಾದಂಬರಿಯನ್ನೇ ಮುಟ್ಟದ ಹೆಂಗಸರಿಗೂ ಇಂಥ ಗಂಡಂದಿರಿದ್ದಾರೆ. ಆದರೆ ಗಂಡನ ಬಗ್ಗೆ ಬಾಯಿ ಬಿಡಲಾಗದ ಸುಧಾ, ಎಡ್ವರ್ಡ್ ಬಗ್ಗೆ ಧಾರಾಳವಾಗಿ ಮಾತಾಡಿದರು. ನಾನು ಆ ದಾರಿಯಲ್ಲೇ ಹೋದೆ.

ಬ್ರಾಮ್ ಸ್ಟೋಕರ್‌ನ 1897ರ 'ಡ್ರಾಕುಲಾ' ಓದಲು ಹೇಳಿದೆ. ಊಟದ ಬಿಡುವಿನಲ್ಲಿ ಆಫೀಸಿನಲ್ಲೇ ಓದಿದರು. ತನ್ನ ಕೋಟೆಗೆ ಕೆಲಸಕ್ಕೆ ಬಂದು ಸಿಕ್ಕಿಬಿದ್ದ ಜೊನಾಥನ್ ಹಾರ್ಕರ್‌ನಿಂದ ವ್ಯಾಂಪೈರ್ ಡ್ರಾಕುಲಾ ಮುಂದಿನ ತಾರೀಖು ಹಾಕಿಸಿ ಮೂರು ಪತ್ರ ಬರೆಸುತ್ತಾನೆ: ಕೆಲಸ ಮುಗಿಯುತ್ತಾ ಬಂತು, ನಾಳೆ ಹೊರಡುತ್ತೇನೆ, ಹೊರಟಿದ್ದೇನೆ. ಓದಿದವರಿಗೆ ಆತ ಸುಖವಾಗಿದ್ದಾನೆ ಅನ್ನಿಸಬೇಕು. ಸುಧಾ ಅಲ್ಲೇ ನಿಂತರು. ಅವರ ಫೋನಿನಿಂದ ಅಕ್ಕನಿಗೆ "ಚೆನ್ನಾಗಿದ್ದೀನಿ, ಕೆಲಸ ಜಾಸ್ತಿ, ಬರೋಕಾಗಲ್ಲ" ಎಂದು ಮೆಸೇಜ್ ಹಾಕುತ್ತಿದ್ದದ್ದು ಗಂಡ.

ನಿಜವಾದ ಗಂಟು ಸಿಕ್ಕಿದ್ದು ಆಮೇಲೆ. ಮನೆಯವರು ಯಾರಾದರೂ ಕರೆಯದೆ ಡ್ರಾಕುಲಾ ಒಳಗೆ ಬರಲಾರ. ಆದರೆ ಒಮ್ಮೆ ಕರೆದರೆ ಸಾಕು, ಆಮೇಲೆ ಬೇಕೆಂದಾಗ ಬರಬಹುದು. "ನಾನೇ ಕರೆದದ್ದು ಮೇಡಂ. ಅಪ್ಪ ಬೇಡ ಅಂದಿದ್ರು. ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ?" ಅಂದರು. ಅದು ಪಿಶಾಚಿಗೆ ಮಾಡಿದ ನಿಯಮ, ಮದುವೆಗಲ್ಲ ಎಂದೆ. ಅಂದು ಒಪ್ಪಿದವರು ಇಂದು ಬೇಡ ಅನ್ನಬಹುದು. ಪ್ರೀತಿಸಿದ್ದು ತಪ್ಪೂ ಅಲ್ಲ.

"ಆದ್ರೂ ಅವರ ಸ್ವಭಾವವೇ ಹಾಗೆ" ಅಂದರು. ಇಲ್ಲಿ ಕಾದಂಬರಿಯನ್ನು ಬದಿಗಿಡಬೇಕಾಯಿತು. ರಕ್ತದ ದಾಹ ವ್ಯಾಂಪೈರ್‌ನ ಕೈಯಲ್ಲಿಲ್ಲ. ಆದರೆ ಈ ಗಂಡ ಮ್ಯಾನೇಜರ್ ಮೇಲೆ ಎಂದಾದರೂ ಕೂಗಾಡಿದ್ದಾನಾ? ಸಿಟ್ಟು ಬಂದಾಗ ಒಡೆದದ್ದು ಯಾರ ಫೋನ್? "ನನ್ನದೇ" ಅಂದರು. ಎಲ್ಲಿ ಕೋಪ ತೋರಿಸಬೇಕು, ಎಲ್ಲಿ ನುಂಗಬೇಕು ಎಂದು ಗೊತ್ತಿರುವವನು ಬೇಕೆಂದೇ ಹೀಗೆ ಮಾಡುತ್ತಿದ್ದಾನೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಲು ನಾನು ಒಪ್ಪದಿದ್ದದ್ದು ಇದಕ್ಕೇ. ಇಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಶಿಕ್ಷೆ ಆಗುವ ಅಪಾಯವಿತ್ತು.

ನಾನು ಕೊಟ್ಟ ಸಲಹೆ ಇಷ್ಟು. ಗಂಡನನ್ನು ನೇರವಾಗಿ ಪ್ರಶ್ನಿಸುವುದು ಈಗ ಬೇಡ. ಬಿಟ್ಟು ಹೋಗುತ್ತಾಳೆ ಎಂಬ ಸುಳಿವು ಸಿಕ್ಕಾಗಲೇ ಅಪಾಯ ಹೆಚ್ಚು. ಲೊಕೇಶನ್ ಏಕಾಏಕಿ ಆಫ್ ಮಾಡಬೇಡಿ, ಅದೂ ಸುಳಿವೇ. ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್‌ಗಳ ನಕಲು ಆಫೀಸಿನ ಡ್ರಾಯರ್‌ನಲ್ಲಿರಲಿ. ಅಕ್ಕನಿಗೆ ಆಫೀಸ್ ಫೋನಿನಿಂದ ಮಾತಾಡಿ, ಇಬ್ಬರಿಗೇ ತಿಳಿಯುವ ಒಂದು ಮಾತು ಗೊತ್ತುಮಾಡಿಕೊಳ್ಳಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಬೈಗುಳ, ಮಾನಸಿಕ ಕಿರುಕುಳ, ಹಣ ಕಿತ್ತುಕೊಳ್ಳುವುದು ಕೂಡ ಹಿಂಸೆಯೇ. ಗಾಯ ತೋರಿಸಬೇಕಾಗಿಲ್ಲ. ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಸುಧಾ ಇನ್ನೂ ಆ ಮನೆಯಲ್ಲೇ ಇದ್ದಾರೆ. ಹೊರಡುವ ದಿನವನ್ನು ಅವರೇ ಆರಿಸಬೇಕು, ನಾನು ಅವಸರ ಮಾಡುವುದಿಲ್ಲ. ಅಕ್ಕನ ಜೊತೆ ಮಾತಾಡಿದ್ದಾರೆ. ಮುಂದಿನ ಭೇಟಿಗೆ ಅಕ್ಕ ತಂಗಿ ಇಬ್ಬರೂ ಬರುತ್ತಾರೆ.