ಮೊದಲು ಕಿವಿ, ಆಮೇಲೆ ಕೇಕು

ಬ್ಯಾಡಗಿಯಿಂದ ಬಂದ ಪತ್ರವೊಂದು ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿದೆ. ಎಂಟು ಪುಟ. ಏಳೂವರೆ ಪುಟ ಅತ್ತೆಯ ಮೇಲಿನ ದೂರು. ಉಳಿದ ಅರ್ಧ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಿಷಯ ಇಷ್ಟು. ಈ ತಂಗಿ ಮದುವೆಯಾಗಿದ್ದು ಸ್ವಂತ ಸೋದರತ್ತೆಯ ಮಗನನ್ನು. ಗಂಡನದು ಮೆಣಸಿನಕಾಯಿ ವ್ಯಾಪಾರ. ಮಗಳಿಗೆ ಬರುವ ತಿಂಗಳು ವರ್ಷ ತುಂಬುತ್ತದೆ. ಇವರಿಗೆ ಹಾಲ್ ಹಿಡಿದು, ಬಲೂನು ಕಟ್ಟಿ, ಕೇಕು ಕತ್ತರಿಸುವ ಆಸೆ. ಅತ್ತೆಗೆ ಮೊದಲು ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಜಾವಳ ತೆಗೆಸಬೇಕೆಂಬ ಹಟ. ಇದರ ನಡುವೆ ನೆಗೆಣ್ಣಿಯ ಮಗ ಹತ್ತು ತಿಂಗಳಿಗೇ ನಡೆದಿದ್ದ, ಇವಳು ಇನ್ನೂ ಗೋಡೆ ಹಿಡಿದೇ ನಿಲ್ಲುತ್ತಾಳೆ ಎಂದು ಮನೆಯಲ್ಲಿ ದಿನಾ ಮಾತು. ವಾಕರ್ ತರಲಾ? ಅತ್ತೆಗೆ ಬಗ್ಗಲಾ? ಇವು ಪ್ರಶ್ನೆಗಳು.

ನಡಿಗೆಯದನ್ನು ಬೇಗ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಲೆಕ್ಕ ಕೊಟ್ಟಿದೆ. ಆರೋಗ್ಯವಾಗಿರುವ ಕೂಸು 8 ತಿಂಗಳಿಗೂ ಹೆಜ್ಜೆ ಇಡಬಹುದು, 17 ತಿಂಗಳಿಗೂ ಇಡಬಹುದು. ನಿಮ್ಮ ಮಗಳು ಗೋಡೆ ಹಿಡಿದು ನಿಲ್ಲುತ್ತಾಳೆ, ಹಿಡಿದುಕೊಂಡೇ ಪಕ್ಕಕ್ಕೆ ಸರಿಯುತ್ತಾಳೆ. ಕಾಲು ಸರಿಯಾಗಿಯೇ ಕೆಲಸ ಮಾಡುತ್ತಿವೆ. ವಾಕರ್ ಬೇಡವೇ ಬೇಡ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿಂದ ಉರುಳಿ ತಲೆ ಒಡೆದುಕೊಳ್ಳುವುದು ಮಾತ್ರ ಬೇಗ ಆಗುತ್ತದೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಲ್ಲಿಸಿದೆ. ಇನ್ನು ಒಂದು ಕೂಸನ್ನು ಇನ್ನೊಂದು ಕೂಸಿನ ಜೊತೆ ತೂಗಬೇಡಿ ಎಂದು ನಾನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ಇವತ್ತೂ ಬರೆಯುತ್ತೇನೆ. ತೂಗಬೇಡಿ.

ಈಗ ಆ ಅರ್ಧ ಪುಟಕ್ಕೆ ಬರುತ್ತೇನೆ.

ಅತ್ತೆಯ ಕೊಂಕು ಮಾತುಗಳನ್ನು ಪಟ್ಟಿ ಮಾಡುತ್ತಾ ನೀವು ನಡುವೆ ಒಂದು ಸಾಲು ಬರೆದಿದ್ದೀರಿ. ‘ಕರದ್ರ ಹೊಳ್ಳಿ ನೋಡವಲ್ತು ಕೂಸು, ಒಮ್ಮೆ ಕಿವಿ ತೋರಸ್ರಿ’ ಎಂದು ಅವರು ಎರಡು ಸಲ ಹೇಳಿದರಂತೆ. ‘ಇಂಥ ಅಪಶಕುನ ನುಡೀಬ್ಯಾಡ’ ಎಂದು ನಿಮ್ಮ ಗಂಡ ಬಾಯಿ ಮುಚ್ಚಿಸಿದರಂತೆ. ನಿಮಗೆ ಅದು ಸಮಾಧಾನ ಆಯಿತಂತೆ.

ತಂಗಿ, ಆ ಮನೆಯಲ್ಲಿ ಕೂಸನ್ನು ಸರಿಯಾಗಿ ನೋಡಿದವರು ಅವರೊಬ್ಬರೇ.

ಪತ್ರದ ಕೊನೆಗೆ ನೀವೇ ಹೆಮ್ಮೆಯಿಂದ ಬರೆದದ್ದನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಕುಕ್ಕರ್ ಸೀಟಿ ಹೊಡೆದರೂ ಮಗಳು ಎದ್ದೇಳುವುದಿಲ್ಲ, ಅಷ್ಟು ಶಾಂತ. ನೆಗೆಣ್ಣಿಯ ಮಗನ ಹುಟ್ಟುಹಬ್ಬದಲ್ಲಿ ಬಲೂನು ಒಡೆದಾಗ ಉಳಿದ ಮಕ್ಕಳೆಲ್ಲ ಅತ್ತರು, ಇವಳು ತನ್ನ ಪಾಡಿಗೆ ಆಡುತ್ತಿದ್ದಳು, ಅಷ್ಟು ಧೈರ್ಯ. ಇದು ಧೈರ್ಯವೇ ಇರಬಹುದು. ಆದರೆ ಸದ್ದೇ ಮುಟ್ಟದಿದ್ದರೂ ಕೂಸು ಹೀಗೇ ಕಾಣುತ್ತದೆ. ವರ್ಷದ ಹೊತ್ತಿಗೆ ಕೂಸು ತನ್ನ ಹೆಸರಿಗೆ ತಿರುಗಬೇಕು. ‘ಟಾಟಾ ಮಾಡು’ ಅಂದರೆ ಕೈ ಆಡಿಸಬೇಕು. ಬ-ಬ, ದ-ದ, ಮ-ಮ ಎಂದು ತೊದಲಬೇಕು. ಐದು ತಿಂಗಳಿದ್ದಾಗ ತುಂಬಾ ಸದ್ದು ಮಾಡುತ್ತಿದ್ದಳು, ಈಗ ಕಮ್ಮಿ ಎಂದೂ ಬರೆದಿದ್ದೀರಿ. ಕಿವಿ ಕೇಳಿಸದ ಮಕ್ಕಳೂ ಮೊದಲು ಆ ಊ ಅನ್ನುತ್ತವೆ. ತಮ್ಮ ದನಿ ತಮಗೇ ಕೇಳದೆ ಆಮೇಲೆ ಮೆಲ್ಲಗೆ ಸುಮ್ಮನಾಗುತ್ತವೆ.

ಹಿಂದೆ ನಿಂತು ಗಂಗಾಳ ಬಡಿದೆ, ತಿರುಗಿದಳು ಎನ್ನುತ್ತೀರಿ. ಗಂಗಾಳದ ಅದುರು ನೆಲದಿಂದ ಮೈಗೆ ಗೊತ್ತಾಗುತ್ತದೆ. ನಿಮ್ಮ ನೆರಳು ಕಾಣುತ್ತದೆ. ಜೋರು ಸದ್ದು ಕೇಳಿ, ಮಾತು ಮಾತ್ರ ಕೇಳಿಸದ ಮಕ್ಕಳೂ ಇರುತ್ತಾರೆ. ಮನೆಯ ಪರೀಕ್ಷೆಯನ್ನು ನಂಬಬೇಡಿ.

ಹುಟ್ಟಿದಾಗ ಕಾಮಾಲೆ ಜಾಸ್ತಿಯಾಗಿ ವಾರಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿ ಇಟ್ಟಿದ್ದರು ಎಂದೂ ಇದೆ. ಕಾಮಾಲೆ ವಿಪರೀತ ಏರಿದರೆ ಕಿವಿಯ ನರಕ್ಕೆ ಪೆಟ್ಟು ಬೀಳುವುದುಂಟು. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹುಟ್ಟು ಕಿವುಡು ಸ್ವಲ್ಪ ಜಾಸ್ತಿ ಕಾಣುತ್ತದೆ. ಇದು ನಿಮ್ಮ ತಪ್ಪು ಅಂತ ಹೇಳುತ್ತಿಲ್ಲ. ಡಾಕ್ಟರಿಗೆ ಎರಡನ್ನೂ ಮುಚ್ಚಿಡದೆ ಹೇಳಿ ಎನ್ನುತ್ತಿದ್ದೇನೆ. ಬರೀ ನೆಗಡಿಯಿಂದ ಕಿವಿಯೊಳಗೆ ನೀರು ತುಂಬಿಯೂ ಹೀಗಾಗಬಹುದು, ಅದು ಗುಣವಾಗುವಂಥದ್ದು.

ಇಷ್ಟು ಒತ್ತಿ ಯಾಕೆ ಹೇಳುತ್ತೇನೆಂದರೆ, ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹುಡುಗನಿದ್ದ. ‘ಅವರಪ್ಪನೂ ತಡವಾಗಿ ಮಾತಾಡಿದ್ದ’ ಎಂದು ಎಲ್ಲರೂ ಸಮಾಧಾನ ಹೇಳಿದರು. ನಾನೂ ಹೇಳಿದೆ. ಕಿವುಡು ಅಂತ ಗೊತ್ತಾದಾಗ ಅವನಿಗೆ ಮೂರೂವರೆ ವರ್ಷ. ಮಾತು ಕಲಿಯುವ ಮುಖ್ಯ ಕಾಲ ಮೊದಲ ಮೂರು ವರ್ಷ. ಆ ಕಾಲ ಕಳೆದುಹೋಗಿತ್ತು. ಆ ತಾಯಿಯ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ನಿಮ್ಮ ಗಂಡನ ಮೇಲೆ ನನಗೆ ಸಿಟ್ಟಿದೆ. ಮಾರ್ಚ್‌ವರೆಗೆ ಮಾರುಕಟ್ಟೆ ಸೀಸನ್, ಆಮೇಲೆ ನೋಡೋಣ ಎನ್ನುತ್ತಾರಂತೆ. ಮೆಣಸಿನಕಾಯಿಗೆ ಬರುವ ವರ್ಷವೂ ಸೀಸನ್ ಬರುತ್ತದೆ. ಮಗಳ ಈ ವರ್ಷ ಮತ್ತೆ ಬರುವುದಿಲ್ಲ. ಹೆತ್ತ ತಾಯಿಯ ಮಾತನ್ನು ಅಪಶಕುನ ಅಂತ ತಳ್ಳುವ ಮೊದಲು ಅವರು ಒಮ್ಮೆ ಮಗಳ ಬೆನ್ನ ಹಿಂದೆ ನಿಂತು ಹೆಸರು ಕರೆಯಬೇಕಿತ್ತು.

ಹಾಲ್, ಕೇಕು, ಜಾವಳದ ವಿಚಾರ ಮುಂದೂಡಿ. ಯಾವುದು ಮೊದಲಾದರೂ ಕೂಸಿಗೆ ನಷ್ಟವಿಲ್ಲ. ನನ್ನದು ಒಂದೇ ಮಾತು. ಈ ವಾರವೇ ರೈಲು ಹತ್ತಿ ಹುಬ್ಬಳ್ಳಿಗೆ ಬನ್ನಿ. ಮೊದಲು ಕಿಮ್ಸ್ ಎನ್ನುತ್ತಿದ್ದ, ಈಗ ಕೆಎಂಸಿ-ಆರ್‌ಐ ಎನ್ನುವ ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ, ‘ಬೆರಾ ಪರೀಕ್ಷೆ ಮಾಡಿಸಬೇಕು’ ಎಂದು ಬಾಯಿಬಿಟ್ಟು ಕೇಳಿ. ಕೂಸು ಮಲಗಿದ್ದಾಗ ತಲೆಗೆ ಸಣ್ಣ ತಂತಿ ಅಂಟಿಸಿ, ಕಿವಿಗೆ ಸದ್ದು ಬಿಟ್ಟು ನೋಡುತ್ತಾರೆ. ನೋವಿಲ್ಲ. ಕಿವಿ ಸರಿ ಇದೆ ಎಂದು ಬಂದರೂ ಅಲ್ಲಿಗೇ ಬಿಡಬೇಡಿ. ಹೆಸರಿಗೆ ತಿರುಗದ ಕೂಸನ್ನು ಮಕ್ಕಳ ಡಾಕ್ಟರು ನೋಡಲೇಬೇಕು. ತೊಂದರೆ ಇದೆ ಎಂದು ಬಂದರೆ ಇಷ್ಟು ಚಿಕ್ಕ ಮಕ್ಕಳಿಗೂ ಕಿವಿ ಯಂತ್ರ ಹಾಕುತ್ತಾರೆ, ಅದು ಸಾಕಾಗದವರಿಗೆ ಆಪರೇಷನ್ ಇದೆ. ಬೇಗ ಶುರು ಮಾಡಿದಷ್ಟೂ ಮಾತು ಚೆನ್ನಾಗಿ ಬರುತ್ತದೆ.

ಹೋಗುವಾಗ ಅತ್ತೆಯನ್ನು ಕರೆದುಕೊಂಡು ಹೋಗಿ. ಯಾವಾಗಿನಿಂದ ಹೀಗೆ ಅಂತ ಡಾಕ್ಟರು ಕೇಳುತ್ತಾರೆ. ಅದಕ್ಕೆ ಉತ್ತರ ಗೊತ್ತಿರುವುದು ಅವರಿಗೆ.