‘ಯಾರು ಹೇಳಿದ್ದು?’ ಅಂದರೆ ಏನು ತೋರಿಸಬೇಕು?

ಓದುಗರ ಪತ್ರ: ನಾನು ನರ್ಸಿಂಗ್ ವಿದ್ಯಾರ್ಥಿನಿ. ‘ವಿಟಮಿನ್ ಸಿ ನೆಗಡಿಯನ್ನು ತಡೆಯುತ್ತದೆಯೇ?’ ಎಂಬ ಅಸೈನ್‌ಮೆಂಟ್ ಬರೆದೆ. ಎರಡು ವೆಬ್‌ಸೈಟು, ಒಬ್ಬ ವೈದ್ಯರ ವಿಡಿಯೋ ನನ್ನ ಆಧಾರ. ಮೇಡಂ ‘ಇವೆಲ್ಲ ಆಧಾರ ಅಲ್ಲ’ ಎಂದು ವಾಪಸ್ ಕೊಟ್ಟರು. ಕಣ್ಣುಮುಚ್ಚಿ ನಂಬಬಹುದಾದ ಒಂದು ಸೈಟ್ ಹೇಳುತ್ತೀರಾ?

ಸಂಪಾದಕರ ಉತ್ತರ: ಕಣ್ಣುಮುಚ್ಚಿ ನಂಬುವಂಥದ್ದು ಒಂದೂ ಇಲ್ಲ. ಆದರೆ ನಿಮಗೆ ಸಿಕ್ಕಿರುವ ವಿಷಯ ಸೊಗಸಾಗಿದೆ. ಹುಡುಕುವುದನ್ನು ಕಲಿಯಲು ಹೇಳಿ ಮಾಡಿಸಿದ ಹಾಗಿದೆ.

ಮೊದಲು ಆ ವಿಡಿಯೋ. ಹೇಳಿದವರು ವೈದ್ಯರೇ ಅಲ್ವಾ ಅಂತ ನಿಮಗನ್ನಿಸಿರಬಹುದು. ವಿಟಮಿನ್ ಸಿ ಜಾಸ್ತಿ ತಿಂದರೆ ನೆಗಡಿ ಹತ್ತಿರ ಸುಳಿಯಲ್ಲ ಎಂಬ ನಂಬಿಕೆಯನ್ನು 1970ರಲ್ಲಿ ಮನೆಮನೆಗೆ ಮುಟ್ಟಿಸಿದವರು ಲೈನಸ್ ಪಾಲಿಂಗ್. 1954ರಲ್ಲಿ ರಸಾಯನಶಾಸ್ತ್ರಕ್ಕೆ, 1962ರ ಸಾಲಿಗೆ ಶಾಂತಿಗೆ ನೊಬೆಲ್ ಪಡೆದ ದೊಡ್ಡ ಮನುಷ್ಯ. ಅಂಥವರ ಮಾತೂ ಪರೀಕ್ಷೆಗೆ ಇಟ್ಟಾಗ ಪೂರ್ತಿ ನಿಲ್ಲಲಿಲ್ಲ.

ಆ ಪರೀಕ್ಷೆಯ ಲೆಕ್ಕ ಕಾಕ್ರೇನ್ ಸಂಸ್ಥೆಯ 2013ರ ರಿವ್ಯೂನಲ್ಲಿದೆ. ಒಂದು ಪ್ರಶ್ನೆಯ ಮೇಲೆ ನಡೆದ ಎಲ್ಲ ಟ್ರಯಲ್‌ಗಳನ್ನೂ (ಜನರ ಮೇಲೆ ಮಾಡುವ ಪ್ರಯೋಗಗಳನ್ನು) ಹುಡುಕಿ, ಗುಣಮಟ್ಟ ನೋಡಿ, ಒಟ್ಟುಗೂಡಿಸಿ ಬರೆಯುವುದು ಇವರ ಕೆಲಸ. ದಿನವೂ ವಿಟಮಿನ್ ಸಿ ತಿಂದರೆ ನೆಗಡಿ ತಪ್ಪುತ್ತದೆಯೇ ಎಂದು ತಿಂದವರನ್ನೂ ತಿನ್ನದವರನ್ನೂ ಪಕ್ಕಪಕ್ಕ ಇಟ್ಟು ನೋಡಿದ 29 ಹೋಲಿಕೆ, 11,306 ಜನರ ಮಾಹಿತಿ ನೋಡಿದರು. ಸಾಮಾನ್ಯ ಜನರಲ್ಲಿ ತಪ್ಪಲಿಲ್ಲ. ನೆಗಡಿ ಇರುವ ಅವಧಿ ಮಾತ್ರ ದೊಡ್ಡವರಲ್ಲಿ ಸುಮಾರು ಶೇ. 8, ಮಕ್ಕಳಲ್ಲಿ ಶೇ. 14 ಕಡಿಮೆಯಾಯಿತು. ಅಂದರೆ ಹತ್ತು ದಿನದ ನೆಗಡಿ ದೊಡ್ಡವರಿಗೆ ಒಂದು ದಿನವೂ ಮುಂಚೆ ಹೋಗುವುದಿಲ್ಲ. ಮೂಗು ಸೋರಲು ಶುರುವಾದ ಮೇಲೆ ಮಾತ್ರೆ ನುಂಗಿದರೆ ನೆಚ್ಚುವಂಥ ಪ್ರಯೋಜನ ಕಾಣಲಿಲ್ಲ.

ಇಲ್ಲೊಂದು ತಮಾಷೆ ಇದೆ. ಮ್ಯಾರಥಾನ್ ಓಡುವವರು, ಸ್ಕೀ ಮಾಡುವವರು, ವಿಪರೀತ ಚಳಿಯಲ್ಲಿ ಕಸರತ್ತು ಮಾಡುವ ಸೈನಿಕರು, ಇಂಥ ಸುಮಾರು 600 ಜನರಲ್ಲಿ ನೆಗಡಿ ಅರ್ಧಕ್ಕೆ ಇಳಿದಿತ್ತು. ‘ವಿಟಮಿನ್ ಸಿಯಿಂದ ನೆಗಡಿ ಅರ್ಧ!’ ಎಂದು ಯಾರಾದರೂ ಬರೆದರೆ ಅದು ಸುಳ್ಳಲ್ಲ. ಯಾರಲ್ಲಿ ಎಂಬುದನ್ನು ಸುಮ್ನೆ ನುಂಗಿಬಿಟ್ಟಿರುತ್ತಾರೆ, ಅಷ್ಟೇ. ನಿಮ್ಮ ಎರಡು ವೆಬ್‌ಸೈಟುಗಳು ಏನು ನುಂಗಿವೆ ಅಂತ ಒಮ್ಮೆ ನೋಡಿ.

ಇಂಥ ಪ್ರಬಂಧಗಳನ್ನು ಹುಡುಕಲು ಪಬ್‌ಮೆಡ್ ಇದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುತ್ತದೆ, ಹುಡುಕಾಟ ಉಚಿತ. ವಿಷಯವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಫಿಲ್ಟರ್‌ಗಳಲ್ಲಿ ‘ಸಿಸ್ಟಮ್ಯಾಟಿಕ್ ರಿವ್ಯೂ’ಗೆ (ಕಾಕ್ರೇನ್ ಮಾಡಿದಂತೆ ಟ್ರಯಲ್‌ಗಳನ್ನು ಒಟ್ಟುಗೂಡಿಸಿ ನೋಡುವ ಪ್ರಬಂಧ) ಟಿಕ್ ಹಾಕಿದರೆ ಸಾವಿರಾರು ಫಲಿತಾಂಶ ಬಹಳಷ್ಟು ಕಡಿಮೆಯಾಗುತ್ತವೆ. ‘ಫ್ರೀ ಫುಲ್ ಟೆಕ್ಸ್ಟ್’ ಒತ್ತಿದರೆ ದುಡ್ಡು ಕೊಡದೆ ಪೂರ್ತಿ ಓದಲು ಸಿಗುವವು ಮಾತ್ರ ಉಳಿಯುತ್ತವೆ. ಪೂರ್ತಿ ಓದಿ. ಬರೀ ಅಬ್‌ಸ್ಟ್ರಾಕ್ಟ್ (ಮೊದಲಿಗಿರುವ ಸಾರಾಂಶ) ನೋಡಿ ಬರೆದದ್ದು ಮೇಡಂಗೆ ಎರಡೇ ಪ್ರಶ್ನೆಯಲ್ಲಿ ಗೊತ್ತಾಗಿಬಿಡುತ್ತದೆ.

ಹಾಗಂತ ಪಬ್‌ಮೆಡ್‌ನಲ್ಲಿ ಇದ್ದ ಮಾತ್ರಕ್ಕೆ ನಿಜ ಎಂದೇನಿಲ್ಲ. ಅದು ಪಟ್ಟಿ, ಪ್ರಮಾಣಪತ್ರವಲ್ಲ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನ 1998ರ ಪ್ರಬಂಧ ಇವತ್ತಿಗೂ ಅಲ್ಲಿ ಸಿಗುತ್ತದೆ. ಕೇವಲ 12 ಮಕ್ಕಳನ್ನು ಇಟ್ಟುಕೊಂಡು ಬರೆದದ್ದು. 2010ರಲ್ಲಿ ಜರ್ನಲ್ ಅದನ್ನು ಹಿಂತೆಗೆದುಕೊಂಡಿತು, ಆ ಸೂಚನೆಯೂ ಪ್ರಬಂಧದ ಜೊತೆಗೇ ಇದೆ. ಪುಟ ತೆರೆದ ಕೂಡಲೇ ಹಾಗೇನಾದರೂ ಬರೆದಿದೆಯಾ ಅಂತ ನೋಡಿಕೊಳ್ಳಿ.

ಎಐ ಬಳಸುವ ಆಸೆ ಆಗಬಹುದು. ಕಷ್ಟದ ವಾಕ್ಯ ಬಿಡಿಸಿ ಹೇಳು ಅಂತ ಕೇಳಿ, ತೊಂದರೆ ಇಲ್ಲ. ಆಧಾರ ಕೊಡು ಅಂದರೆ ಮಾತ್ರ ಕೆಲವೊಮ್ಮೆ ಇಲ್ಲದ ಪ್ರಬಂಧಕ್ಕೂ ಹೆಸರು, ವರ್ಷ, ಪುಟಸಂಖ್ಯೆ ಎಲ್ಲ ಕೊಟ್ಟು ನಿಲ್ಲಿಸುತ್ತದೆ. ಪ್ರತಿ ಶೀರ್ಷಿಕೆಯನ್ನೂ ಪಬ್‌ಮೆಡ್‌ಗೆ ಹಾಕಿ ನೋಡದೆ ಬಳಸಬೇಡಿ.

ಇನ್ನೊಂದು. ಕಾಕ್ರೇನ್ ರಿವ್ಯೂ 2013ರದ್ದು ಎಂಬುದನ್ನು ಅಸೈನ್‌ಮೆಂಟ್‌ನಲ್ಲೇ ಹೇಳಿ. ಆಮೇಲೆ ಬಂದ ಟ್ರಯಲ್‌ಗಳನ್ನು ವರ್ಷದ ಫಿಲ್ಟರ್ ಹಾಕಿ ಹುಡುಕಿ, ಸಿಕ್ಕಿದ್ದನ್ನು ಸೇರಿಸಿ ಮೇಡಂ ಕೈಗೆ ಕೊಡಿ.